ಜೂಲುನಾಯಿಯ ಬಾಚಣಿಗೆ ಯಾರ ಕೈಯಲ್ಲಿತ್ತು?



ಈ ಸಲ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕಳೆದ ವರ್ಷದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಾರ್ಯಕ್ರಮದ ಫೋನ್-ಇನ್ ನಡೆದಿತ್ತು. ಕೋಥ್ರೂಡ್ ಕಡೆಯ ಕೇಳುಗರೊಬ್ಬರು ಕರೆ ಮಾಡಿ, ತಮ್ಮ ಮೆಚ್ಚಿನ ಭಾವಗೀತೆ ಕೇಳಿ, ಕೊನೆಗೆ ನಗುತ್ತ ಅಂದರು: “ಮೇಡಂ, ನಮ್ಮ ಮನ್ಯಾಗ ಒಂದು ಪಾಮೇರಿಯನ್ ಐತ್ರಿ. ಈ ಸೆಕಿಗೆ ನಾಲಿಗಿ ಚಾಚ್ಕೊಂಡು ಕುಂತಿರ್ತದ. ಕೂದಲಾ ಪೂರಾ ಬೋಳಿಸಿಬಿಡ್ಲೇನ್ರಿ?” ಹಾಡು ಶುರುವಾಗಲು ಹದಿನೈದು ಸೆಕೆಂಡು ಉಳಿದಿತ್ತು. ಉದ್ಘೋಷಕಿಗೆ ಹದಿನೈದು ಸೆಕೆಂಡು ಸಿಕ್ಕರೆ ಗೊತ್ತಿಲ್ಲದ್ದೂ ಗೊತ್ತಾಗಿಬಿಡುತ್ತದೆ ನೋಡಿ. “ಖಂಡಿತ ಬೋಳಿಸಿ, ಪಾಪ, ಅದಕ್ಕೂ ತಂಪಾಗಲಿ” ಎಂದು ಹೇಳಿ ಹಾಡು ಹಾಕಿದೆ.

ಗಣಪತಿ ಹಬ್ಬದ ಹೊತ್ತಿಗೆ ಅವರು ಮತ್ತೆ ಕರೆ ಮಾಡಿದರು. ಈ ಬಾರಿ ನೇರ ಪ್ರಸಾರಕ್ಕಲ್ಲ, ಆಫೀಸಿನ ನಂಬರಿಗೆ. ಐದು ತಿಂಗಳಾದರೂ ನಾಯಿಯ ಬೆನ್ನಿಗೂ ಬಾಲದ ಬುಡಕ್ಕೂ ಕೂದಲು ಬಂದಿರಲಿಲ್ಲ. ಅಲ್ಲಲ್ಲಿ ಮೊಳೆತದ್ದು ನಾರಿನಂತಿತ್ತು, ನಡುವೆ ಕಪ್ಪಗಾದ ಚರ್ಮ. ದೂರುವ ದನಿಯೇನೂ ಇರಲಿಲ್ಲ. “ನಮ್ಮ ಅವ್ವ ನಿಮ್ಮನ್ನ ನೋಡ್ಬೇಕಂತಾಳ್ರಿ” ಎಂದಷ್ಟೇ ಹೇಳಿದರು. ಅಷ್ಟು ಸಾಕಾಗಿತ್ತು. ಮುಂದಿನ ರಜೆಯ ದಿನ ಅವರ ಮನೆಗೆ ಹೋದೆ.

ಅಜ್ಜಿ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವರು. ಜತ್ತ ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡವೆಂಬುದು ನಮ್ಮ ಕೇಳುಗರಿಗೆ ತಿಳಿದದ್ದೇ. ಅವರದು ಕುರಿ ಸಾಕಿದ ಮನೆತನ. ನಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯವ್ವಾ, ಕುರಿ ಬ್ಯಾರೆ, ನಾಯಿ ಬ್ಯಾರೆ. ಓದಿದಾಕಿ ನೀನು, ಇಷ್ಟೂ ತಿಳೀಲಿಲ್ಲೇನ?” ಎಂದರು. ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ಓದಿದವಳಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಅವರು ಹೇಳಿದ್ದರಲ್ಲಿ ಇಡೀ ವಿಷಯ ಅಡಗಿತ್ತು. ನಮ್ಮ ದಖ್ಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಕತ್ತರಿಸಿದ ಹಾಗೆ ಅದು ಬೆಳೆಯುತ್ತಲೇ ಇರುತ್ತದೆ, ಕಂಬಳಿಯಾಗುತ್ತಲೇ ಇರುತ್ತದೆ. ಪಾಮೇರಿಯನ್ನಿನ ಮೈಮೇಲಿರುವುದು ಎರಡು ಪದರ. ಒಳಗೆ ಹತ್ತಿಯಂಥ ತುಪ್ಪಳ, ಮೇಲೆ ಉದ್ದನೆಯ ಬಿರುಸು ಕೂದಲು. ಒಳಪದರ ಕಾಲಕ್ಕೆ ತಕ್ಕಂತೆ ತಾನೇ ಉದುರುತ್ತದೆ. ಮೇಲಿನದು ಒಂದು ಉದ್ದಕ್ಕೆ ಬೆಳೆದು ನಿಂತುಬಿಡುತ್ತದೆ. ಬುಡಮಟ್ಟ ಬೋಳಿಸಿದರೆ ಮತ್ತೆ ಬರಲು ಒಂದು ವರ್ಷವೋ ಎರಡು ವರ್ಷವೋ ಬೇಕಾಗಬಹುದು. ಕೆಲವು ನಾಯಿಗಳಿಗೆ ಸರಿಯಾಗಿ ಬರುವುದೇ ಇಲ್ಲ. ಬೋಳಿಸಿದರೆ ತಂಪಾಗುತ್ತದೆ ಎಂಬುದೂ ನಮ್ಮ ಮೈಯ ಲೆಕ್ಕ. ನಮ್ಮ ಹಾಗೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅದು ಶಾಖ ಕಳೆದುಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ಸಿಕ್ಕಿಲ್ಲದ, ಗಾಳಿಯಾಡುವ ಕೂದಲು ನೇರ ಬಿಸಿಲನ್ನು ತಡೆಯುವ ಚಪ್ಪರವಿದ್ದ ಹಾಗೆ. ಆ ಚಪ್ಪರ ಕಿತ್ತುಹಾಕಿ ಎಂದು ಆಕಾಶವಾಣಿಯಂತೆ ನುಡಿದವಳು ನಾನು.

ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಈ ಜೂಲುನಾಯಿ, ಇಷ್ಟು ಕೂದಲು ಹೊತ್ತು, ನಮ್ಮ ದಖ್ಖನಿನ ಬಿಸಿಲಿಗೆ ಬಂದದ್ದಾದರೂ ಹೇಗೆ? ಅದರ ಕೂದಲನ್ನು ಇಷ್ಟು ದಿನ ಬಾಚಿದವರು ಯಾರು?

ಮೊದಲು ನಮ್ಮ ನಾಯಿಗಳನ್ನು ನೋಡೋಣ. ಕನ್ನಡ ಓದಿದವರಿಗೆ ಆತಕೂರಿನ ಶಾಸನ ಮರೆಯುವಂಥದ್ದಲ್ಲ. ಕ್ರಿ.ಶ. 949-50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಮೇಲೆ ಗಂಗ ದೊರೆ ಎರಡನೆಯ ಬೂತುಗ ತನ್ನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಮಂಡ್ಯ ಜಿಲ್ಲೆಯ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ-ನಾಯಿ ಸೆಣಸುವ ಕೆತ್ತನೆಯನ್ನು ನೀವೂ ನೋಡಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ನಾಯಿಗಳಿಗೇ ಮೀಸಲಾದ ‘ಸಾರಮೇಯ ವಿನೋದ’ವಿದೆ. ಅಲ್ಲಿಯೂ ನಾಯಿಯೆಂದರೆ ಓಟ, ಬೇಟೆ.

ನಮ್ಮ ಮುಧೋಳದ ನಾಯಿಯನ್ನೇ ನೋಡಿ. ಮೈಗೆ ಅಂಟಿದ ಸಣ್ಣ ಕೂದಲು, ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮರಾಠವಾಡದಲ್ಲಿ ಇದರ ದಾಯಾದಿಯೊಂದಿದೆ, ಕಿವಿ-ಬಾಲಗಳಿಗೆ ರೇಷ್ಮೆಯಂಥ ಕೂದಲಿರುವ ‘ಪಶ್ಮಿ’. ಪಶ್ಮೀನಾ ಶಾಲಿನ ‘ಪಶ್ಮ್’ ಅಂದರೆ ಉಣ್ಣೆ ಎಂಬ ಪದವೇ ಇದಕ್ಕೂ ಹೆಸರು ಕೊಟ್ಟಿದೆ. ಬಿಸಿಲುನಾಡಿನ ನಾಯಿ ಕೂದಲು ಬೆಳೆಸಿದ್ದು ಅಷ್ಟಕ್ಕಷ್ಟೆ. ದೇವರ ಹತ್ತಿರವಿದ್ದ ನಾಯಿಗೂ ಬಾಚಣಿಗೆ ಬೇಕಾಗಿರಲಿಲ್ಲ. ಪುಣೆಯಿಂದ ಐವತ್ತು ಕಿಲೋಮೀಟರ್ ದೂರದ ಜೇಜುರಿಯ ಖಂಡೋಬ ನಮ್ಮ ಮೈಲಾರಲಿಂಗನೇ ತಾನೆ? ಅವನ ಜೊತೆ ನಾಯಿ ಇದ್ದೇ ಇರುತ್ತದೆ. ಮೈಲಾರದ ಗೊರವಯ್ಯಗಳು ತಾವೇ ದೇವರ ನಾಯಿಗಳಾಗಿ ಬೊಗಳಿ, ದೋಣಿಯಲ್ಲಿಟ್ಟ ಹಾಲಿಗೆ ಬಾಯಿ ಹಾಕುವುದನ್ನು ನಾನು ಸಣ್ಣವಳಿದ್ದಾಗ ಜಾತ್ರೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಜೂಲಿದ್ದದ್ದು ಅವರ ಕರಡಿ ಕೂದಲಿನ ಟೋಪಿಗೆ ಮಾತ್ರ.

ಇನ್ನು ಪಾಮೇರಿಯನ್. ಹೆಸರೇ ಊರು ಹೇಳುತ್ತದೆ. ಬಾಲ್ಟಿಕ್ ಸಮುದ್ರದ ದಂಡೆಯ ಪೊಮೆರೇನಿಯ, ಇಂದು ಜರ್ಮನಿ ಮತ್ತು ಪೋಲೆಂಡ್ ನಡುವೆ ಹಂಚಿಹೋಗಿರುವ ಚಳಿಯ ನಾಡು. ಹಿಮದ ನಾಡುಗಳಲ್ಲಿ ಗಾಡಿ ಎಳೆದ, ಮನೆ-ಮಂದೆ ಕಾದ ನಾಯಿಗಳ ಬಳಗಕ್ಕೆ ಸೇರಿದ್ದು ಇದು. ಆಗ ಇದು ದೊಡ್ಡ ನಾಯಿ, ಕೂದಲು ಅದರ ಕೆಲಸದ ಅಂಗಿ. 1767ರಲ್ಲಿ ಇಂಗ್ಲೆಂಡಿನ ರಾಣಿ ಶಾರ್ಲೆಟ್ ಇಂಥ ಎರಡು ನಾಯಿಗಳನ್ನು ತರಿಸಿಕೊಂಡಳು. ಫೀಬಿ, ಮರ್ಕ್ಯುರಿ ಎಂದು ಅವುಗಳ ಹೆಸರು. ಆಕೆಯ ಮೊಮ್ಮಗಳೇ ವಿಕ್ಟೋರಿಯಾ, ನಮ್ಮ ಮೇಲೂ ಸಾಮ್ರಾಜ್ಞಿಯಾಗಿದ್ದವಳು. 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದಾಗ ಆಕೆ ಮಾರ್ಕೊ ಎಂಬ ಸಣ್ಣ ಪಾಮೇರಿಯನ್ ಕೊಂಡಳು. ತೂಕ ಸುಮಾರು ಐದೂವರೆ ಕೆ.ಜಿ. 1891ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನಕ್ಕೆ ರಾಣಿಯ ಪಾಮೇರಿಯನ್‌ಗಳು ಬಂದವು. ರಾಣಿ ಸಣ್ಣ ನಾಯಿ ಮೆಚ್ಚಿದಳೆಂದ ಮೇಲೆ ಊರಿಗೆಲ್ಲ ಸಣ್ಣದೇ ಬೇಕು. ತಲೆಮಾರಿನಿಂದ ತಲೆಮಾರಿಗೆ ನಾಯಿ ಕುಗ್ಗುತ್ತ ಬಂತು, ಇಂದಿನ ಪ್ರದರ್ಶನದ ಪಾಮೇರಿಯನ್ ಮೂರು ಕೆ.ಜಿ. ದಾಟುವುದು ಅಪರೂಪ. ನಾಯಿ ಕುಗ್ಗಿತು, ಕೂದಲು ಕುಗ್ಗಲಿಲ್ಲ. ಕೆಲಸದ ಅಂಗಿ ಜರತಾರಿ ಅಂಗಿಯಾಯಿತು. 1901ರ ಜನವರಿಯಲ್ಲಿ ವಿಕ್ಟೋರಿಯಾ ಕೊನೆಯುಸಿರೆಳೆಯುವಾಗ ಆಕೆಯ ಹಾಸಿಗೆಯ ಮೇಲೆ ಟೂರಿ ಎಂಬ ಪಾಮೇರಿಯನ್ ಇತ್ತು.

ಆಗಿನ ಪುಣೆ ಹೇಗಿತ್ತು? 1817ರ ನವೆಂಬರಿನಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆ ಸೋತ ಮೇಲೆ ಇಲ್ಲಿ ಎರಡು ಊರುಗಳಾದವು. ವಾಡೆಗಳ ಪೇಟೆಗಳು ಒಂದು ಕಡೆ, ಬಂಗಲೆಗಳ ಕ್ಯಾಂಪು ಇನ್ನೊಂದು ಕಡೆ. ಮಳೆಗಾಲದಲ್ಲಿ ಮುಂಬಯಿಯ ಗವರ್ನರು ಸಂಸಾರ ಸಮೇತ ಇಲ್ಲಿಗೆ ಬರುತ್ತಿದ್ದರು. ಗಣೇಶಖಿಂಡದಲ್ಲಿ ಅವರಿಗಾಗಿ 1864ರಲ್ಲಿ ಕಟ್ಟಲು ಶುರುಮಾಡಿದ ಅರಮನೆಯೇ ಇಂದಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಬಂಗಲೆಗೊಂದು ಆಳುಗಳ ದಂಡು: ಬಟ್ಲರ್, ಮಾಲಿ, ಧೋಬಿ, ಆಯಾ. ಆ ದಂಡಿನಲ್ಲಿ ನಾಯಿ ನೋಡಿಕೊಳ್ಳುವ ಆಳೂ ಒಬ್ಬ. 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಎಂಬ ಪದಕೋಶದಲ್ಲಿ ಅವನ ಕಸುಬಿನ ಹೆಸರಿದೆ: ‘ಡೋರಿಯಾ’. ಡೋರಿ ಅಂದರೆ ಹಗ್ಗ, ಹಗ್ಗ ಹಿಡಿದವನು ಡೋರಿಯಾ. ವಿಲಾಯತಿಯಿಂದ ಬಂದ ಜೂಲುನಾಯಿ ಪುಣೆಯ ಬೇಸಿಗೆಯನ್ನೂ ನಾಲ್ಕು ತಿಂಗಳ ಜಿಟಿಜಿಟಿ ಮಳೆಯನ್ನೂ ಕಳೆದದ್ದು ಇಂಥವರ ಕೈಯಲ್ಲಿ ಎಂದು ನಾನು ತಿಳಿಯುತ್ತೇನೆ. ಕೆಸರು ಒರೆಸಿ, ಉಣ್ಣಿ ಹೆಕ್ಕಿ, ಸಿಕ್ಕು ಬಿಡಿಸಿದ ಮೇಲೆ ತಾನೇ ಮೇಡಂಸಾಹೇಬರು ನಾಯಿಯನ್ನು ಮಡಿಲಿಗೆ ತೆಗೆದುಕೊಳ್ಳುವುದು?

ಕಾಳಿಯ ಹೆಸರು ಕಲ್ಲಿನ ಮೇಲಿದೆ. ಮಾರ್ಕೊ, ಟೂರಿಗಳ ಹೆಸರು ಪುಸ್ತಕಗಳಲ್ಲಿವೆ. ಕ್ಯಾಂಪಿನ ಬಂಗಲೆಗಳ ಡೋರಿಯಾಗಳಲ್ಲಿ ಒಬ್ಬನ ಹೆಸರೂ ನನಗೆ ಎಲ್ಲೂ ಸಿಗಲಿಲ್ಲ. ನಾಯಿಯ ಕೂದಲು ಹೇಗೆ ಉದುರುತ್ತದೆ, ಎಲ್ಲಿ ಗಂಟಾಗುತ್ತದೆ ಎಂಬುದು ಅವನಿಗೆ ಬಾಯಿಪಾಠವಿದ್ದಿರಬೇಕು. ಆ ತಿಳಿವಳಿಕೆ ಅವನ ಜೊತೆಗೇ ಹೋಯಿತು. ನಾಯಿ ಮಾತ್ರ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಹಬ್ಬಿತು. ದೊರೆಗಳ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್ ಜಾತಿಯ ನಾಯಿಗಳು ಇಲ್ಲೇ ಪೀಳಿಗೆ ಬೆಳೆಸಿ, ನಮ್ಮ ಹವೆಗೆ ತುಸು ಒಗ್ಗಿ, ‘ಇಂಡಿಯನ್ ಸ್ಪಿಟ್ಜ್’ ಆದವು. ನಾವು ನೀವು ಪಾಮೇರಿಯನ್ ಎಂದು ಕರೆಯುತ್ತ ಬಂದದ್ದು ಬಹುಪಾಲು ಇದನ್ನೇ. ಕೋಥ್ರೂಡಿನ ಅಜ್ಜಿಯ ಮಡಿಲಲ್ಲಿದ್ದದ್ದೂ ಇದೇ. ಪುಣೆಯಲ್ಲಿ ಮನೆಗಳೂ ಬದಲಾದವು. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ನದಿಯಂಚಿನ ಪೇಟೆಗಳ ಎಷ್ಟೋ ವಾಡೆಗಳು ಕೊಚ್ಚಿಹೋದವು. ಗೋಖಲೆನಗರದಂಥ ಹೊಸ ವಸತಿಗಳು ಎದ್ದವು, ಆಮೇಲೆ ಫ್ಲ್ಯಾಟುಗಳ ಕಾಲ ಬಂತು. ಅಂಗಳವಿಲ್ಲದ ಮನೆಗೆ ಅಲ್ಸೇಷಿಯನ್ ಎಲ್ಲಿ ಹಿಡಿಸೀತು? ಅತ್ತ ವಿದೇಶಿ ನಾಯಿಗಳ ಆಮದಿಗೆ ಬಿಗಿ ನಿರ್ಬಂಧ. ಎಂಬತ್ತು-ತೊಂಬತ್ತರ ದಶಕದಲ್ಲಿ ಮಧ್ಯಮ ವರ್ಗದ ಮನೆಗೆ ಉಳಿದ ದಾರಿ ಈ ಬಿಳಿ ನಾಯಿಯೇ. 1994ರಲ್ಲಿ ‘ಹಮ್ ಆಪ್ಕೆ ಹೈಂ ಕೌನ್’ ಬಂದು ಟಫಿ ಕ್ರಿಕೆಟ್ಟಿನ ಅಂಪೈರ್ ಆದ ಮೇಲಂತೂ ಕೇಳುವುದೇ ಬೇಡ. ಅಂದ ಹಾಗೆ, ಪುಣೇರಿ ಪಾಟಿಗಳ ಖಾರ ನಿಮಗೆ ಗೊತ್ತಲ್ಲ, ‘ನಾಯಿ ಇದೆ ಎಚ್ಚರಿಕೆ’ ಫಲಕಗಳ ಹಿಂದಿನಿಂದ ಎಷ್ಟೋ ಸಲ ಓಡಿ ಬರುವುದು ಮೊಣಕಾಲಿಗೂ ಬಾರದ ಈ ಹತ್ತಿಯುಂಡೆ!

2003ರಲ್ಲಿ ಹಚ್ ಕಂಪನಿಯ ಜಾಹೀರಾತಿನ ಪಗ್ ಬಂದು ಫ್ಯಾಷನ್ನು ಬದಲಾಯಿತು. ಅದರ ಬೆನ್ನಿಗೆ ಶಿಟ್ಜು, ಲಾಸಾ ಆಪ್ಸೊ. ಲಾಸಾ ಟಿಬೆಟ್ಟಿನ ಮಠಗಳ ಒಳಕಾವಲಿನ ನಾಯಿ. ಬಾಗಿಲ ಹೊರಗೆ ದೊಡ್ಡ ಮಾಸ್ಟಿಫ್, ಒಳಗೆ ಇದು. 1933ರಲ್ಲಿ ಹದಿಮೂರನೆಯ ದಲೈ ಲಾಮಾ ಕೊಟ್ಟ ಜೋಡಿಯಿಂದಲೇ ಅಮೆರಿಕದಲ್ಲಿ ಇದರ ಸಂತತಿ ಬೆಳೆಯಿತು. ಇವೆರಡರ ಕೂದಲು ನಮ್ಮ ತಲೆಗೂದಲ ಹಾಗೆ, ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ಇವನ್ನು ಒಂದಿಂಚಿಗೆ ಕತ್ತರಿಸಿದರೆ ತೊಂದರೆಯಿಲ್ಲ, ಸರಿಯಾದ ಆರೈಕೆಯೇ ಅದು. ನೋಡಿ, ನನ್ನ ಹದಿನೈದು ಸೆಕೆಂಡಿನ ಉತ್ತರ ಲಾಸಾಕ್ಕಾಗಿದ್ದರೆ ಅಷ್ಟು ಅನಾಹುತವಾಗುತ್ತಿರಲಿಲ್ಲ. ಯಾವ ನಾಯಿ ಎಂದು ಕೇಳಿ, ಅದಕ್ಕೆ ತಕ್ಕ ಉತ್ತರ ಕೊಡಬೇಕಿತ್ತು.

ಪಶುವೈದ್ಯರನ್ನೂ ನಾಯಿ ಬಾಚುವ ಕಸುಬಿನ ಹುಡುಗರನ್ನೂ ಕೇಳಿ ನಾನು ಕಲಿತದ್ದನ್ನು ಈಗ ಅವಸರವಿಲ್ಲದೆ ಹೇಳುತ್ತೇನೆ. ಬಾಚುವಾಗ ಮೇಲೆ ಮೇಲೆ ಸವರಿದರೆ ಏನೂ ಆಗದು. ಕೂದಲನ್ನು ಕೈಯಲ್ಲಿ ಎತ್ತಿ ಹಿಡಿದು, ಬೈತಲೆಯ ಹಾಗೆ ಚರ್ಮ ಕಾಣುವಂತೆ ಬಿಡಿಸಿ, ಬುಡದಿಂದ ಹೊರಕ್ಕೆ ಸಾಲು ಸಾಲಾಗಿ ಬಾಚಬೇಕು. ವಾರಕ್ಕೆ ಎರಡು ಮೂರು ಸಲ, ಕೂದಲು ಉದುರುವ ಕಾಲದಲ್ಲಿ ದಿನಾ. ಗಂಟುಗಳು ಹುಟ್ಟುವುದು ಕಣ್ಣಿಗೆ ಬೀಳದ ಜಾಗಗಳಲ್ಲಿ: ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಹಿಂದೊಡೆಯ ಜೂಲಿನಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ. ಸ್ನಾನಕ್ಕೆ ಮುಂಚೆಯೇ ಸಿಕ್ಕು ಬಿಡಿಸಿ. ನೀರು ಬಿದ್ದರೆ ಗಂಟು ಬಿಗಿಯುತ್ತದೆ, ಕಂಬಳಿ ಮಿದ್ದಂತಾಗುತ್ತದೆ. ಬಿಡದ ಗಂಟನ್ನು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ. ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತದೆ, ಗಾಯವಾಗುವುದು ಹಾಗೆಯೇ. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು, ನಾಯಿಯ ಶಾಂಪೂವಿನಲ್ಲೇ ಆಗಲಿ.

ಪುಣೆಯ ಮಳೆಗಾಲ ಈ ನಾಯಿಗಳಿಗೆ ಬೇಸಿಗೆಗಿಂತ ಕಷ್ಟ ಎಂದು ನನಗನಿಸುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಪದರ ಒದ್ದೆಯಾಗೇ ಇರುತ್ತದೆ, ಅಲ್ಲಿ ಬೂಷ್ಟು, ತುರಿಕೆ ಶುರು. ಬುಡದವರೆಗೆ ಒರೆಸಿ ಒಣಗಿಸಬೇಕು. ಮಳೆಯ ಹಿಂದೆಯೇ ಉಣ್ಣಿ. ಧಾರವಾಡದ ಕಡೆ ಕುರಿಯ ಉಣ್ಣೆಯೂ ‘ಉಣ್ಣಿ’, ರಕ್ತ ಹೀರುವುದೂ ‘ಉಣ್ಣಿ’. ಜೂಲುನಾಯಿಯಲ್ಲಿ ಒಂದರೊಳಗೆ ಇನ್ನೊಂದು ಅಡಗಿರುತ್ತದೆ. ಕಾಲ್ಬೆರಳ ಸಂದಿ, ಕಿವಿಯ ಒಳಮಡಿಕೆಗಳಲ್ಲಿ ಬೆರಳಿಟ್ಟು ನೋಡಬೇಕು. ಅದರಿಂದ ಬರುವ ಜ್ವರ ನಾಯಿಯ ಪ್ರಾಣಕ್ಕೇ ಬರಬಹುದು, ಊಟ ಬಿಟ್ಟು ಮಂಕಾದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಸೆಕೆಯಲ್ಲಿ ತಿರುಗಾಡಿಸುವುದು ಬೆಳಗಿನ ಜಾವ ಮತ್ತು ಸಂಜೆ ಹೊತ್ತು ಮುಳುಗಿದ ಮೇಲೆ. ಡಾಂಬರಿನ ಮೇಲೆ ನಿಮ್ಮ ಹಿಂಗೈ ಇಟ್ಟು ನೋಡಿ, ನಿಮಗೆ ತಡೆಯದ್ದು ಅದರ ಪಾದಕ್ಕೂ ತಡೆಯದು. ಪಾಮೇರಿಯನ್ನಿನ ಶ್ವಾಸನಾಳ ನಾಜೂಕಿನದು, ಕುತ್ತಿಗೆಗೆ ಹಗ್ಗ ಬಿಗಿದು ಜಗ್ಗುವ ಬದಲು ಎದೆಪಟ್ಟಿ ಹಾಕಿ. ಸಣ್ಣ ಬಾಯಿಯಲ್ಲಿ ಹಲ್ಲು ಒತ್ತೊತ್ತಾಗಿರುವುದರಿಂದ ಬೇಗ ಹಾಳಾಗುತ್ತವೆ, ಹಲ್ಲುಜ್ಜುವುದನ್ನು ಮರಿಯಿದ್ದಾಗಲೇ ರೂಢಿ ಮಾಡಿಸಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ. ಮಹಾನಗರಪಾಲಿಕೆಯ ಪರವಾನಗಿಯೂ ಬೇಕು, ಮರೆಯಬೇಡಿ.

ಮೊನ್ನೆ ಮತ್ತೆ ಅಜ್ಜಿಯನ್ನು ನೋಡಲು ಹೋಗಿದ್ದೆ. ನಾಯಿಗೆ ಬಹುಪಾಲು ಕೂದಲು ಬಂದಿದೆ. ಬಾಲದ ಬುಡದಲ್ಲಿ ಅಂಗೈಯಗಲ ಜಾಗ ಮಾತ್ರ ಇನ್ನೂ ಹಾಗೇ ಇದೆ, ಅದು ಬರುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದ್ದಾರಂತೆ. ಬಾಚುವ ಕೆಲಸ ಈಗ ಅಜ್ಜಿಯದೇ. ಕೈಯಲ್ಲಿ ಮರದ ಹಣಿಗಿ, ಪಕ್ಕದಲ್ಲಿ ಉದುರಿದ ತುಪ್ಪಳ ತುಂಬಿಡಲು ಒಂದು ಪ್ಲಾಸ್ಟಿಕ್ ಚೀಲ. “ಇಷ್ಟ ಮೆತ್ತಗ ಐತಿ, ಇದನ್ನ ನೂಲಾಕ ಬರೂದಿಲ್ಲೇನ?” ಎಂದು ಕೇಳಿದರು.

ಈ ಸಲ ಉತ್ತರ ನನ್ನ ಹತ್ತಿರವಿತ್ತು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೋಸ್ಟ್ ಸೇಲಿಶ್ ಎಂಬ ಮೂಲನಿವಾಸಿ ಜನ ಸಾವಿರಾರು ವರ್ಷ ಉಣ್ಣೆಗಾಗಿಯೇ ನಾಯಿ ಸಾಕಿದ್ದರು. 1792ರಲ್ಲಿ ಅಲ್ಲಿಗೆ ಹೋದ ನಾವಿಕ ಜಾರ್ಜ್ ವ್ಯಾಂಕೋವರ್, ಈ ನಾಯಿಗಳು ಪಾಮೇರಿಯನ್‌ಗಳನ್ನು ಹೋಲುತ್ತವೆ, ಕುರಿಗಳಂತೆ ಬುಡಮಟ್ಟ ಕತ್ತರಿಸಲ್ಪಟ್ಟಿವೆ ಎಂದು ಬರೆದಿಟ್ಟಿದ್ದಾನೆ. ಅವುಗಳ ಆರೈಕೆ ಹೆಂಗಸರದು. ಬೇರೆ ನಾಯಿಗಳ ಜೊತೆ ಬೆರೆಯದಂತೆ ದ್ವೀಪಗಳಲ್ಲಿ ಇಟ್ಟು, ಮೀನು ತಿನ್ನಿಸಿ ಬೆಳೆಸುತ್ತಿದ್ದರು, ಆ ಉಣ್ಣೆಯಿಂದ ಕಂಬಳಿ ನೇಯುತ್ತಿದ್ದರು. ಆ ತಳಿ ಈಗ ಉಳಿದಿಲ್ಲ. 1859ರಲ್ಲಿ ಸತ್ತ ‘ಮಟನ್’ ಎಂಬ ಒಂದು ನಾಯಿಯ ತೊಗಲು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ವಿಜ್ಞಾನಿಗಳು ಅದರ ವಂಶವಾಹಿ ಓದಿ 2023ರಲ್ಲಿ ಪ್ರಕಟಿಸಿದರು. ಅದು ಸಾವಿರಾರು ವರ್ಷ ಪ್ರತ್ಯೇಕವಾಗಿ ಬೆಳೆಸಿದ ತಳಿ, ಯುರೋಪಿನ ಪಾಮೇರಿಯನ್ನಿಗೂ ಅದಕ್ಕೂ ಹೋಲಿಕೆ ನೋಟದಲ್ಲಿ ಮಾತ್ರ.

ಅಜ್ಜಿ ಎಲ್ಲ ಕೇಳಿಸಿಕೊಂಡರು. ನಾಯಿಗೆ ‘ಮಟನ್’ ಎಂದು ಹೆಸರಿಟ್ಟದ್ದಕ್ಕೆ ಸ್ವಲ್ಪ ಹೊತ್ತು ನಕ್ಕರು. ಆಮೇಲೆ ಚೀಲದಿಂದ ಒಂದು ಹಿಡಿ ತುಪ್ಪಳ ತೆಗೆದು, ಎಡಗೈಯಲ್ಲಿ ಎಳೆದು, ಬಲಗೈಯನ್ನು ತೊಡೆಯ ಮೇಲೆ ಹೊಸೆದರು. ಗೇಣುದ್ದದ ಒಂದು ಎಳೆ ಬಂತು. ಅದನ್ನು ನನ್ನ ಮಣಿಕಟ್ಟಿಗೆ ಸುತ್ತಿ ಗಂಟು ಹಾಕುತ್ತ, “ಇನ್ ಮ್ಯಾಲೆ ರೇಡಿಯೋದಾಗ ಹೇಳೂ ಮೊದ್ಲ ಇದನ್ನ ಒಮ್ಮೆ ನೋಡ್ಕೋ ಯವ್ವಾ” ಎಂದರು. ನಾಯಿ ಎದ್ದು ಮೈ ಕೊಡವಿಕೊಂಡು ನೀರಿನ ಬಟ್ಟಲ ಕಡೆ ಹೋಯಿತು.